ನಮ್ಮೂರ ಕಾಲೇಜಿನ ಹಳೇ ವಂತಿಗಿ ವಹಿ ಸಿಕ್ಕೈತಿ, ಅದರಾಗಿನ ಮಂದಿನ್ನ ಹುಡುಕಾಕ ಕೈ ಕೂಡಸ್ರಿ

ಕಪ್ಪತಗುಡ್ಡದ ಗಾಳಿ:

ಎಲ್ಲಾರಿಗೂ ನಮಸ್ಕಾರ್ರೀ. ಸ್ವಲ್ಪ ಉದ್ದ ಆಗತೈತಿ, ಸಮಾಧಾನದಿಂದ ಓದ್ರಿ. ನಮ್ಮೂರು ಗದಗ ಜಿಲ್ಲಾದಾಗಿನ ಒಂದು ಸಣ್ಣ ಪ್ಯಾಟಿ. ಊರಿನ ಹೆಸರು ಈಗ ಹೇಳೂದಿಲ್ಲ, ಯಾಕಂದ್ರ ವಹಿಯೊಳಗ ಇದ್ದವರ ಮನಿತನದವರನ್ನ ಕೇಳದ ಹೆಸರು ಹೊರಗ ಹಾಕೋದು ಬರೋಬ್ಬರಿ ಅಲ್ಲ.

ನಮ್ಮೂರಿನ ಡಿಗ್ರಿ ಕಾಲೇಜ್ ಚಾಲೂ ಆಗಿದ್ದು 1983ರಾಗ, ಹೈಸ್ಕೂಲಿನ ಹಿಂದಿನ ಮೂರು ಕೋಲಿಯೊಳಗ. ಮುಂಜಾನೆ ಏಳೂವರಿಗೆ ಕಾಲೇಜಿನ ಕ್ಲಾಸು, ಹತ್ತೂವರಿಗೆ ಅದೇ ಬೆಂಚಿನ ಮ್ಯಾಲ ಹೈಸ್ಕೂಲ್ ಹುಡುಗ್ರು. ಒಂದು ಕೋಲಿಗೆ ಮ್ಯಾಲ ಪತ್ರಾಸ್ ಇತ್ತು, ಮಳಿ ಹೊಡೀತಂದ್ರ ಸರ್ ಪಾಠ ನಿಲ್ಲಿಸಿ ಹಲಿಗಿ ಮ್ಯಾಲ ಬರದು ತೋರಸ್ತಿದ್ರಂತ, ಮಾತು ಕೇಳಸ್ತಿದ್ದಿಲ್ಲಲ್ಲ. ನಮ್ಮ ಅಪ್ಪಾರು ಮೊದಲನೇ ಬ್ಯಾಚು. ಈಗ ಅದೇ ಕಾಲೇಜಿಗೆ ಸ್ವಂತ ಜಾಗ ಐತಿ, ಎರಡು ಮಜಲಿನ ಕಟ್ಟಡ ಐತಿ, ಹಾಸ್ಟೆಲ್ ಐತಿ, ಸುತ್ತಲಿನ ಹಳ್ಳಿ ಹೆಣ್ಣುಮಕ್ಕಳು ಬಸ್ ಪಾಸ್ ಮಾಡಿಸ್ಕೊಂಡು ಬಂದು ಬಿಕಾಂ ಓದಾಕತ್ತಾರ.

ಹೋದ ತಿಂಗಳ ಹಳೇ ಆಫೀಸಿನ ಟ್ರಂಕ್ ಖಾಲಿ ಮಾಡೂವಾಗ ಒಂದು ಕೆಂಪು ರಟ್ಟಿನ ವಹಿ ಸಿಕ್ತು. ಒಂದು ಮೂಲಿ ಗೆದ್ದಲ ತಿಂದೈತಿ, ಉಳಿದದ್ದು ಚೊಲೋ ಐತಿ. ಮ್ಯಾಲ "ಕಾಲೇಜ ವಂತಿಗಿ" ಅಂತ ದುಂಡನ್ನ ಅಕ್ಷರದಾಗ ಬರದಾರ. ಒಳಗ ಗೆರಿ ಹೊಡದು ನಂಬರ, ಹೆಸರು, ಓಣಿ, ರೊಕ್ಕ, ಮಾಲು, ಸಹಿ. ನಾ ಏನು ತಿಳ್ಕೊಂಡಿದ್ದೆ ಅಂದ್ರ ಊರಾಗಿನ ನಾಕು ಸಾವಕಾರ್ರು ದೊಡ್ಡ ಮೊತ್ತ ಕೊಟ್ಟು ಕಾಲೇಜ್ ಮಾಡ್ಯಾರ ಅಂತ. ಸಣ್ಣಾವ ಇದ್ದಾಗಿಂದ ಅದನ್ನ ಕೇಳೇನಿ, ಗೇಟಿನ ಕಲ್ಲಿನ ಮ್ಯಾಲೂ ಅವರ ಹೆಸರ ಅದಾವ. ಆದ್ರ ಈ ವಹಿ ತಗದು ನೋಡಿದ್ರ "ಮಾಲು" ಅನ್ನೋ ಸಾಲಿನ್ಯಾಗ ಬರದದ್ದು ಕಣ್ಣಾಗ ನೀರು ತಂತು. 2 ಚೀಲ ಬಿಳಿಜೋಳ. 1 ಚಕ್ಕಡಿ ಉಸುಕು. ಗೌಂಡಿ ಕೆಲಸ 6 ದಿನ, ಪಗಾರ ಬ್ಯಾಡ. ಹಳೇ ತೊಲಿ 2. ತಾಮ್ರದ ಕೊಡ 1, ಲಿಲಾವ ಮಾಡಿ ಜಮಾ. ಸಹಿ ಜಾಗದಾಗ ಅರ್ಧಕ್ಕಿಂತ ಹೆಚ್ಚು ಹೆಬ್ಬೆಟ್ಟು! ಸಹಿ ಮಾಡಾಕ ಬರದ ಮಂದಿ ಡಿಗ್ರಿ ಕಾಲೇಜಿಗೆ ಜೋಳ ಅಳದು ಕೊಟ್ಟಾರ.

117ನೇ ನಂಬರಿನ ಮುಂದ ಹೆಸರಿಲ್ಲ. "ಹೆಸರ ಬ್ಯಾಡ ಅಂದಾರ, ಬೆಳ್ಳಿ ಕಡಗ ಜೋಡು 1" ಅಂತ ಅಷ್ಟ ಐತಿ. ಬಾಜೂಕ ಒಂದು ಹೆಬ್ಬೆಟ್ಟು, ಸಣ್ಣದು.

ಈ ಮಂದಿ ಯಾರು ಅನ್ನೋದು ಗೊತ್ತಿದ್ದವರು ಊರಾಗ ಇನ್ನ ಬೆರಳೆಣಿಕಿ ಉಳದಾರ, ಅವರೂ ಎಂಬತ್ತು ದಾಟ್ಯಾರ. ಅದಕ್ಕ ಈಗ ಬರದಿಡಬೇಕು ಅಂತ ಹೊಂಟೀನಿ. ನಿಮ್ಮ ಕಡೆ ಕಾಲೇಜ್ ಹೆಂಗ ಕಟ್ಟಿದ್ರು, ಯಾರು ಏನು ಕೊಟ್ರು, ಹಿಂಗ ವಹಿ ಗಿಹಿ ಅದಾವೇನು, ಎಲ್ಲಾ ಹೇಳ್ರಿ. ಹೆಂಗ ಹುಡಕಬೇಕು ಅನ್ನೋದೂ ಹೇಳ್ರಿ.

ಉಣಕಲ್ ಕೆರಿ ದಂಡಿ:

ಅಣ್ಣಾರ ಓದಿ ಮೈ ಝುಮ್ ಅಂತು. ನಮ್ಮ ಹುಬ್ಬಳ್ಳಿಯಾಗ ವಿದ್ಯಾನಗರದ ಕಡೆ ಹೋದ್ರ ಬಿವಿಬಿ ಇಂಜಿನಿಯರಿಂಗ್ ಕಾಲೇಜ್ ಕ್ಯಾಂಪಸ್ ನೋಡಿ ಇದೇನು ಮೊದಲಿಂದ ಹಿಂಗ ಇತ್ತೇನೋ ಅನ್ನಸತೈತಿ. ಅದು 1947ರಾಗ ಭೂಮರಡ್ಡಿ ಅವರ ದಾನದಿಂದ ಸುರು ಆಗಿದ್ದು, ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಅದರ ಹಿಂದಿನ ಕೆಎಲ್ಇ, ಅಂದ್ರ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆ, ಸುರು ಮಾಡಿದವರು ಏಳು ಮಂದಿ ಹರೇದ ಮಾಸ್ತರ್ರು, 1916ರ ನವೆಂಬರ್ 13ಕ್ಕ, ಬೆಳಗಾವಿಯಾಗ ಇಂಗ್ಲಿಷ್ ಜೋಡಿ ದೇಸಿ ಭಾಷೆನೂ ಕಲಸೋ ಒಂದು ಆಂಗ್ಲೋ ವರ್ನಾಕ್ಯುಲರ್ ಸಾಲಿ ತಗದು. ಬಸವನಾಳರು, ಸಾಖರೆಯವರು, ಹಂಚಿನಾಳರು, ಕಟ್ಟೀಮನಿಯವರು, ಮಮದಾಪುರರು, ಚಿಕ್ಕೋಡಿಯವರು, ಪಾಟೀಲರು. ಕಲಿತವರು, ಸರಕಾರಿ ನೌಕರಿ ಹಿಡದು ಆರಾಮ ಇರಬಹುದಿತ್ತು, ಬಿಟ್ಟು ಕಡಿಮಿ ಪಗಾರಕ್ಕ ಆಜೀವ ಸದಸ್ಯರಾಗಿ ದುಡದ್ರು, ಅದಕ್ಕ ಮಂದಿ ಸಪ್ತರ್ಷಿಗಳು ಅಂತ ಕರೀತಾರ. ಸಿರಸಂಗಿ ಲಿಂಗರಾಜರು ಬಿಟ್ಟುಹೋದ ಟ್ರಸ್ಟಿನವರು, ಅರಟಾಳ ರುದ್ರಗೌಡರು, ವಂಟಮೂರಿ ದೇಸಾಯರು ದಾನ ಕೊಟ್ರು, ಖರೆ, ಆದ್ರ ಮೊದಲ ಮಾಸ್ತರ್ರು ಗಟ್ಟಿ ನಿಂತಿದ್ದಕ್ಕ ದಾನ ಬಂತು ಅಂತ ನನಗ ಅನ್ನಸತೈತಿ. ಕಟ್ಟಡ ಮೊದಲ ಕಟ್ಟಿ ಆಮ್ಯಾಲ ಮಾಸ್ತರ್ರನ್ನ ಹುಡುಕೋ ಈಗಿನ ಪದ್ಧತಿ ಉಲ್ಟಾ ಐತಿ.

ಸಪ್ತಾಪುರ ಬಾವಿ:

ನಾ ಧಾರವಾಡದಾಗ ಮೂವತ್ತ ವರ್ಷ ಪಾಠ ಹೇಳಿದಾಕಿ, ಈಗ ರಿಟೈರ್ಡ್. ಗಾಳಿಯವರೇ, ಆ ವಹಿ ಮೊದಲ ಸ್ಕ್ಯಾನ್ ಮಾಡಸ್ರಿ. ಬಿಸಲಿಗೆ ಹಿಡೀಬ್ಯಾಡ್ರಿ, ಪ್ಲಾಸ್ಟಿಕ್ ಚೀಲದಾಗಂತೂ ಇಡಬ್ಯಾಡ್ರಿ, ಹಸಿ ಹಿಡೀತದ. ಹತ್ತೀ ಅರಿವ್ಯಾಗ ಸುತ್ತಿ ಇಡ್ರಿ. ಇದು ಮೊದಲಿನ ಕೆಲಸ, ಉಳಿದದ್ದು ಆಮ್ಯಾಲ.

ಈಗ ಕರ್ನಾಟಕ ಕಾಲೇಜಿನ ಮಾತು. ಇವತ್ತಿನ ಹುಡುಗರಿಗೆ ನಂಬಾಕ ಆಗೂದಿಲ್ಲ, 1917ಕ್ಕಿಂತ ಮೊದಲ ಈ ಭಾಗದಾಗ ಮೆಟ್ರಿಕ್ ಪಾಸಾದ ಹುಡುಗ ಮುಂದ ಓದಬೇಕಂದ್ರ ಪುಣೆಗೆ ಹೋಗಬೇಕು, ಇಲ್ಲಾ ಮುಂಬೈಗೆ. ಬೇಂದ್ರೆಯವರು ಬಿ.ಎ. ಮಾಡಿದ್ದೂ ಪುಣೆಯ ಫರ್ಗ್ಯುಸನ್ ಕಾಲೇಜಿನ್ಯಾಗ. ಅಲ್ಲಿ ಕೋಲಿ ಬಾಡಿಗಿ, ಊಟದ ಖರ್ಚು, ರೈಲಿನ ಚಾರ್ಜು, ಎಷ್ಟು ಮನಿತನಕ್ಕ ಸಾಧ್ಯ ಇತ್ತು ಹೇಳ್ರಿ? ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಇಂಥವರು ಬೆನ್ನು ಹತ್ತಿ, ಮಂದಿ ಕಡೆ ವಂತಿಗಿ ಎತ್ತಿ, ಮುಂಬೈ ಸರಕಾರದ ಮುಂದ ಮತ್ತ ಮತ್ತ ಹೋಗಿ ಧಾರವಾಡಕ್ಕ ಕಾಲೇಜ್ ತಂದ್ರು. ಈಗ ನೀವು ನೋಡೋ ಆ ಕಲ್ಲಿನ ಕಟ್ಟಡ ಅದರ ಸಲುವಾಗಿ ಕಟ್ಟಿದ್ದಲ್ಲ, ಅದು ಮೊದಲ ರೇಲ್ವೆ ಕಂಪನಿ ಆಫೀಸ್. ದಕ್ಷಿಣ ಮರಾಠಾ ರೇಲ್ವೆ ಲೆಕ್ಕಪತ್ರ ಬರೀತಿದ್ದ ಕೋಲಿಯೊಳಗ ನಮ್ಮ ಹುಡುಗ್ರು ಶೇಕ್ಸಪಿಯರ್ ಓದಿದ್ರು. ನಾನೂ ಅಲ್ಲೇ ಓದೀನಿ, ದಪ್ಪನ್ನ ಗ್ವಾಡಿ, ಎತ್ತರದ ಛತ್ತು, ಬ್ಯಾಸಿಗಿಯಾಗೂ ತಂಪು.

ಅಷ್ಟ ಅಲ್ಲ, ಕರ್ನಾಟಕ ವಿಶ್ವವಿದ್ಯಾಲಯನೂ ಹುಟ್ಟಿದ್ದು ಧಾರವಾಡದಾಗ ಅಲ್ಲ! 1949ರಾಗ ಮುಂಬೈಯಾಗ ಸುರು ಆತು, ಮರುವರ್ಷ 1950ರಾಗ ಇಲ್ಲಿಗೆ ಬಂತು. ಪಾವಟೆಯವರು 1954ರಿಂದ 1967ರ ತನಕ ಕುಲಪತಿ ಇದ್ರು, ಛೋಟಾ ಮಹಾಬಳೇಶ್ವರ ಗುಡ್ಡದ ಮ್ಯಾಲಿನ ಈ ಕ್ಯಾಂಪಸ್ ನಿಂತದ್ದು ಅವರ ಕಾಲಕ್ಕ. ಅವರೂ ಗೋಕಾಕ ಕಡೆ ಮಮದಾಪುರದಿಂದ ಬಂದವರು, ಕೇಂಬ್ರಿಜ್‌ನಾಗ ಗಣಿತ ಓದಿ ರ‍್ಯಾಂಗ್ಲರ್ ಆಗಿ, ಅಂದ್ರ ಅಲ್ಲಿನ ಗಣಿತ ಪರೀಕ್ಷಾದಾಗ ಫಸ್ಟ್ ಕ್ಲಾಸ್ ಬಂದು, ವಾಪಸ್ ಬಂದ್ರು. ಹಳ್ಳಿಯಿಂದ ಕಾಲೇಜಿನ ತನಕ ಎಷ್ಟು ದೂರ ಅದ ಅನ್ನೋದು ಅಂಥವರಿಗೆ ಯಾರೂ ಹೇಳಿಕೊಡೋದು ಬ್ಯಾಡ.

ಹತ್ತಿಕಾಳು:

ಗಾಳಿ ಅಣ್ಣಾ, ವಹಿಯೊಳಗ ಅಡತಿ ಅಂಗಡಿ ಹೆಸರು ಅದಾವೇನು ನೋಡು. ನಮ್ಮದು ಗದಗ ಎಪಿಎಂಸಿಯಾಗ ಮೂರು ತಲಿಯಿಂದ ದಲಾಲಿ ಅಂಗಡಿ. ಮುತ್ತ್ಯಾ ಹೇಳ್ತಿದ್ದ, ಆವಾಗ ಧರ್ಮಾದಾಯ ಅಂತ ಇತ್ತು. ಒಂದು ಅಂಡಿಗಿ ಹತ್ತಿ ಮಾರಾಟ ಆತಂದ್ರ ಇಷ್ಟು ಪೈಸೆ, ಒಂದು ಚೀಲ ಶೇಂಗಾಕ್ಕ ಇಷ್ಟು ಪೈಸೆ ಅಂತ ಪಟ್ಟಿಯೊಳಗ ಬ್ಯಾರೆ ಹಿಡದು ಇಡೋದು. ಆ ರೊಕ್ಕ ವ್ಯಾಪಾರಿದೂ ಅಲ್ಲ, ರೈತಂದೂ ಅಲ್ಲ, ಧರ್ಮದ್ದು. ಅದರಿಂದ ಧರ್ಮಶಾಲಿ ಆಗತಿತ್ತು, ಗೋಶಾಲಿ ಆಗತಿತ್ತು, ಸಾಲಿ ಕಾಲೇಜಿಗೂ ಹೋಗತಿತ್ತು. ಹಂಗಾಗಿ ನಿಮ್ಮ ವಹಿಯೊಳಗ ಒಬ್ಬ ಅಡತ್ಯಾನ ಹೆಸರಿನ ಮುಂದ ದೊಡ್ಡ ಮೊತ್ತ ಇದ್ರ ಅದು ಅವನೊಬ್ಬಂದ ಅಂತ ತಿಳೀಬ್ಯಾಡ್ರಿ, ಅದರ ಹಿಂದ ನೂರಾರು ರೈತರ ಅಂಡಿಗಿ ಇರತಾವ. ಗೇಟಿನ ಕಲ್ಲಿನ ಮ್ಯಾಲ ನಮ್ಮ ಮುತ್ತ್ಯಾನ ಹೆಸರೂ ಒಂದು ಕಡೆ ಐತಿ, ನಾ ಇದನ್ನ ಮನಸ್ಸಿನಿಂದ ಹೇಳಾಕತ್ತೀನಿ.

ಇನ್ನೊಂದು. ನಮ್ಮ ಗದಗ ತಾಲೂಕಿನ ಕಣಗಿನಹಾಳದಾಗ 1905ರಾಗ ದೇಶದ ಮೊದಮೊದಲಿನ ಸಹಕಾರಿ ಸಂಘದೊಳಗ ಒಂದು ಆತು, ಸಿದ್ಧನಗೌಡ ಪಾಟೀಲರು ಮಾಡಿದ್ದು. ಕೂಡಿ ಹಾಕಿ ಮಾಡೋ ರೂಢಿ ಈ ಮಣ್ಣಿಗೆ ಹೊಸಾದಲ್ಲ.

ರೊಟ್ಟಿ ಡಬ್ಬಿ:

ನನ್ನ ಹೆಸರ ನೋಡಿದ್ರ ಗೊತ್ತಾಗತೈತಿ ನಾ ಏನು ಹೇಳಾವ ಅಂತ. ನಮ್ಮೂರಾಗ ಕಾಲೇಜ್ ಇದ್ದಿಲ್ಲ, ಧಾರವಾಡದಾಗ ಕೋಲಿ ಮಾಡಿ ಇದ್ದೆ, ನಾಕು ಹುಡುಗ್ರು ಒಂದು ಕೋಲಿ. ದಿನಾ ಮುಂಜಾನೆ ಮೊದಲನೇ ಗಾಡಿಗೆ ಅವ್ವ ಡಬ್ಬಿ ಕಳಸ್ತಿದ್ಲು. ಅಲ್ಯೂಮಿನಿಯಂ ಡಬ್ಬಿ, ಮ್ಯಾಲ ಬಿಳೇ ಬಣ್ಣದಾಗ ನನ್ನ ಹೆಸರು, ಊರು, ಕಾಲೇಜಿನ ಹೆಸರು. ಒಳಗ ಅರಿವ್ಯಾಗ ಸುತ್ತಿದ ಆರು ರೊಟ್ಟಿ, ಒಂದು ಸಣ್ಣ ಡಬ್ಬ್ಯಾಗ ಕಾಳಪಲ್ಯೆ, ಎಲಿಯೊಳಗ ಶೇಂಗಾ ಚಟ್ನಿ, ಒಮ್ಮೊಮ್ಮೆ ಅಮಾಸಿ ಹುಣ್ಣವಿಗೆ ಹೋಳಿಗಿ. ಬಸ್ ಸ್ಟ್ಯಾಂಡಿನ್ಯಾಗ ಡಬ್ಬಿಗೋಳು ಸಾಲಾಗಿ ಇಟ್ಟಿರತಿದ್ರು, ನಮ್ಮ ನಮ್ಮ ಡಬ್ಬಿ ನಾವು ಎತ್ಕೊಂಡು ಸೈಕಲ್ಲಿಗೆ ಕಟ್ಟಿ ಹೋಗೋದು, ಖಾಲಿ ಡಬ್ಬಿ ಸಂಜಿ ಗಾಡಿಗೆ ವಾಪಸ್. ಕಂಡಕ್ಟರ್ ಕಾಕಾ ಒಂದಿನನೂ ಬ್ಯಾಸರ ಮಾಡ್ಲಿಲ್ಲ. ಒಮ್ಮೆ ಗಾಡಿ ಕೆಟ್ಟು ನಿಂತಿತ್ತು, ಸಂಜಿ ನಾಕಕ್ಕ ಬಂತು, ಆ ಕಾಕಾ ಡಬ್ಬಿ ಹಿಡಕೊಂಡು ಸ್ಟ್ಯಾಂಡಿನ್ಯಾಗ ನನ್ನ ಹಾದಿ ಕಾಯ್ಕೋತ ನಿಂತಿದ್ದ, "ಹಸ್ತಿರಬೇಕಲ್ಲೋ ತಮ್ಮಾ" ಅಂದ. ಇವತ್ತಿಗೂ ಆ ಮಾತು ನೆನಪಾದ್ರ ಗಂಟಲ ಬಿಗೀತೈತಿ.

ಡಬ್ಬಿನೂ ಬರದ ಬಡ ಹುಡುಗರಿಗೆ ಮುರುಘಾಮಠದ ಪ್ರಸಾದ ನಿಲಯ ಇತ್ತು. ಮೃತ್ಯುಂಜಯ ಅಪ್ಪಗಳು ಹಳ್ಳಿ ಹಳ್ಳಿ ತಿರುಗಿ ಜೋಳ ಭಿಕ್ಷಾ ಎತ್ತಿ ತಂದು ಹುಡುಗರಿಗೆ ಅನ್ನ ಹಾಕಿದ್ರು. ಅದಕ್ಕೂ ಹಿಂದ ವಾರಾನ್ನ ಇತ್ತು, ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ. ಇವೆಲ್ಲಾ ಯಾವ ಕಾಲೇಜಿನ ಲೆಕ್ಕದಾಗೂ ಇಲ್ಲ, ಆದ್ರ ಇವಿಲ್ಲದ ಕ್ಲಾಸಿನ್ಯಾಗ ಕೂಡಾಕ ಹುಡುಗರ ಇರತಿದ್ದಿಲ್ಲ. ಗಾಳಿ ಅಣ್ಣಾ, ನಿಮ್ಮೂರಿಗೆ ಕಾಲೇಜ್ ಬಂದಿದ್ದಕ್ಕ ಎಷ್ಟು ಅವ್ವಂದಿರು ನಸುಕಿನ್ಯಾಗ ನಾಕಕ್ಕ ಏಳೋದು ತಪ್ಪಿರಬೇಕು ಲೆಕ್ಕ ಹಾಕು.

ವರದಾ ಹೊಳಿ:

ನಾನು ಹಾವೇರಿ ಕಡೆಯಾಕಿ. ಎಲ್ಲಾ ಚೊಲೋ ಹೇಳೀರಿ, ನಂದೊಂದು ಮಾತು ಐತಿ, ಬ್ಯಾಸರ ಆಗಬ್ಯಾಡ್ರಿ. ಕಲ್ಲಿನ ಮ್ಯಾಲಿನ ಹೆಸರು ನೋಡ್ರಿ, ಎಲ್ಲಾ ಊರಾಗೂ ನೋಡ್ರಿ, ಹೆಣ್ಣುಮಕ್ಕಳ ಹೆಸರು ಎಲ್ಲೈತಿ? ಇದ್ರೂ "ಇವರ ಧರ್ಮಪತ್ನಿ" ಅಂತ ಇರತೈತಿ. ನಾ ಓದಿದ ಕಾಲೇಜಿನ್ಯಾಗೂ ಒಂದು ಕಲ್ಲೈತಿ, 1001 ರೂಪಾಯಿಗಿಂತ ಹೆಚ್ಚು ಕೊಟ್ಟವರದ್ದ ಹೆಸರು ಅಂತ ಕಡ್ಡಿ ಮುರದಂಗ ಬರದಾರ. ನಮ್ಮ ಆಯಿ ಆ ಕಾಲೇಜಿನ ಬುನಾದಿಗೆ ಹದಿನೈದು ದಿನ ಬುಟ್ಟಿ ಹೊತ್ತಾಳ, ಕೂಲಿ ತಗೊಂಡಿಲ್ಲ, "ಮೊಮ್ಮಗಳು ಓದತಾಳ" ಅಂತ. ಆಕಿ ಹೆಸರು ಎಲ್ಲೂ ಇಲ್ಲ. ನಾ ಓದಿದೆ, ಅದೊಂದ ದಾಖಲಾತಿ.

ಗಾಳಿಯವರ ವಹಿಯೊಳಗ ಆ 117ನೇ ನಂಬರಿನ ಕಡಗ ಹೆಣ್ಣುಮಗಳದ್ದ. ಹೆಬ್ಬೆಟ್ಟು ಸಣ್ಣದು ಅಂತ ನೀವ ಬರದೀರಿ. ಮನ್ಯಾಗ ಯಾರಿಗೂ ಹೇಳದ ಬಂದು ಕೊಟ್ಟಿರಬೇಕು, ಅದಕ್ಕ ಹೆಸರ ಬ್ಯಾಡ ಅಂದಾಳ. ಊರಾಗಿನ ಗಂಡಸರನ್ನ ಕೇಳಿದ್ರ ಸಿಗೂದಿಲ್ಲ, ಮುದುಕ್ಯಾರನ್ನ ಕೇಳ್ರಿ, ಅದೂ ನೀವು ಹೋಗಬ್ಯಾಡ್ರಿ, ನಿಮ್ಮ ಅವ್ವಾರನ್ನ ಇಲ್ಲಾ ಅಕ್ಕನ್ನ ಕಳಸ್ರಿ. ಕಟ್ಟಿ ಮ್ಯಾಲ ಕುಂತು ಅಕ್ಕಿ ಹಸನ ಮಾಡ್ಕೋತ ಮಾತಾಡಿದ್ರ ಹೊರಗ ಬರತೈತಿ.

ಕಪ್ಪತಗುಡ್ಡದ ಗಾಳಿ:

ಅಕ್ಕಾರ, ನೀವು ಹೇಳಿದ್ದು ಖರೆ, ನನಗ ಹೊಳದೇ ಇದ್ದಿಲ್ಲ. ಎಣಸಿ ನೋಡಿದೆ, ವಹಿಯೊಳಗ 23 ಹೆಣ್ಣುಮಕ್ಕಳ ಹೆಸರು ಅದಾವ, ಕಲ್ಲಿನ ಮ್ಯಾಲ ಒಂದೂ ಇಲ್ಲ. ಅವ್ವನ್ನ ಕಳಸ್ತೀನಿ. ಬಾವಿ ಟೀಚರ್ ಹೇಳಿದಂಗ ಅರಿವಿ ಸುತ್ತಿ ಇಟ್ಟೀನಿ, ನಾಳೆ ಗದಗಕ್ಕ ಹೋಗಿ ಸ್ಕ್ಯಾನ್ ಮಾಡಸ್ತೀನಿ. ಹತ್ತಿಕಾಳು, ನಾಕು ಅಡತಿ ಅಂಗಡಿ ಹೆಸರು ಅದಾವ, "ಧ. ದಾ." ಅಂತ ಸಣ್ಣಗ ಬರದಾರ. ಅದೇನು ಅಂತ ಗೊತ್ತಾಗಿದ್ದಿಲ್ಲ, ಈಗ ತಿಳೀತು ನೋಡು!

ಜಂಗ್ಲಿ ಪ್ಯಾಟಿ:

ನಮ್ಮ ಅಕ್ಕನ ಮಗ ಅಮೆರಿಕಾದ ಇಲಿನಾಯ್ ರಾಜ್ಯದಾಗ ಇದ್ದಾನ, ಅಲ್ಲಿ ಕಮ್ಯುನಿಟಿ ಕಾಲೇಜ್ ಅಂತ ಇರತಾವ. ಎರಡು ವರ್ಷದ ಕೋರ್ಸು, ಊರ ಮಂದಿಗೆ ಅಂತನ ಇರೋ ಕಾಲೇಜು, ಫೀ ಕಡಿಮಿ, ದುಡಿಯೋ ಮಂದಿ ಸಂಜಿ ಬಂದು ಓದಬಹುದು, ಅಲ್ಲಿಂದ ಮುಂದ ಯೂನಿವರ್ಸಿಟಿಗೂ ಹೋಗಬಹುದು. ಅವನು ಮೊದಲನೇ ಎರಡು ವರ್ಷ ಅಲ್ಲೇ ಓದಿ ರೊಕ್ಕ ಉಳಿಸಿದ. ಅಲ್ಲಿ ಜೋಲಿಯೆಟ್ ಅಂತ ಊರೈತಿ, 1901ರಾಗ ಅಲ್ಲಿನ ಹೈಸ್ಕೂಲಿನೊಳಗ ಆರು ಹುಡುಗರನ್ನ ಇಟ್ಕೊಂಡು ಕಾಲೇಜಿನ ಪಾಠ ಸುರು ಮಾಡಿದ್ರು, ಈಗ ಆ ದೇಶದ ಎಲ್ಲಾಕಿಂತ ಹಳೇ ಸಾರ್ವಜನಿಕ ಕಮ್ಯುನಿಟಿ ಕಾಲೇಜ್ ಅಂದ್ರ ಅದ. ಹೈಸ್ಕೂಲ್ ಹೆಡ್ ಮಾಸ್ತರ ಬ್ರೌನ್ ಅನ್ನಾವ ಮತ್ತ ಶಿಕಾಗೋ ಯೂನಿವರ್ಸಿಟಿ ಅಧ್ಯಕ್ಷ ಹಾರ್ಪರ್ ಕೂಡಿ ಮಾಡಿದ್ದು. ಗಾಳಿಯವರು ಹೈಸ್ಕೂಲಿನ ಹಿಂದಿನ ಕೋಲಿ ಅಂದಾಗ ನನಗ ಅದ ನೆನಪಾತು. ಸಮುದ್ರದಾಚಿನೂ ಹಿಂಗ ನೋಡ್ರಿ, ಮೊದಲ ಎರವಲು ಬೆಂಚು.

ನಮ್ಮ ದೇಶದಾಗೂ 1995ರಾಗ ಪಾಂಡಿಚೇರಿ ವಿಶ್ವವಿದ್ಯಾಲಯ ಕಮ್ಯುನಿಟಿ ಕಾಲೇಜ್ ಸುರು ಮಾಡಿತ್ತು, ಮುಂದ ಯುಜಿಸಿ, ಅಂದ್ರ ದಿಲ್ಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗ, 2013ರ ಸುಮಾರಿಗೆ ಇದ್ದ ಕಾಲೇಜಿನೊಳಗನ ಕೈಕೆಲಸದ ಡಿಪ್ಲೊಮಾ ಕೊಡೋ ಸ್ಕೀಮ್ ತಂತು. ನಮ್ಮ ಕಡೆ ಅದು ಅಷ್ಟು ಬೇರು ಬಿಡಲಿಲ್ಲ ಅಂತ ನನ್ನ ಅಭಿಪ್ರಾಯ. ಹೊಲ, ನೇಕಾರಿಕಿ, ಪಂಪ್‌ಸೆಟ್ ರಿಪೇರಿ, ಮೆಣಸಿನಕಾಯಿ ವ್ಯಾಪಾರ ಇವನ್ನೆಲ್ಲಾ ಕಲಸೋ ಕಾಲೇಜ್ ಬ್ಯಾಡಗಿಗೆ ಗಜೇಂದ್ರಗಡಕ್ಕ ಬೇಕಿತ್ತು.

ಠಸೆ ಪೆಟ್ಟಿಗಿ:

ನಾನು ಒಂದು ಕಾಲೇಜಿನ ಆಫೀಸಿನ್ಯಾಗ ಕ್ಲಾರ್ಕ್ ಆಗಿ ರಿಟೈರ್ ಆದಾವ. ಎಲ್ಲಾರೂ ವಂತಿಗಿ ಮಾತಾಡ್ತೀರಿ, ಕಾಗದ ಪತ್ರದ ಕಷ್ಟ ಯಾರೂ ಹೇಳಲಿಲ್ಲ. ಕಾಲೇಜ್ ತಗದ್ರ ಮುಗೀತು ಅಂತಲ್ಲ. ವರ್ಷಾ ವಿಶ್ವವಿದ್ಯಾಲಯದಿಂದ ಎಲ್ಐಸಿ ಬರತೈತಿ, ಅಂದ್ರ ಸ್ಥಳೀಯ ತಪಾಸಣಾ ಸಮಿತಿ, ಜೀವವಿಮಾ ಅಲ್ಲ. ಕೋಲಿ ಎಷ್ಟು, ಮಾಸ್ತರ್ರು ಎಷ್ಟು, ಲೈಬ್ರರಿಯಾಗ ಪುಸ್ತಕ ಎಷ್ಟು, ಬ್ಯಾಂಕಿನ್ಯಾಗ ಠೇವಣಿ ಎಷ್ಟು, ಸ್ವಂತ ಜಾಗದ ಉತಾರ ಐತೇನು, ಎಲ್ಲಾ ನೋಡಿ ಆ ವರ್ಷದ ಸಂಲಗ್ನ, ಅಂದ್ರ ವಿಶ್ವವಿದ್ಯಾಲಯದ ಮಾನ್ಯತೆ, ಕೊಡ್ತಾರ. ಒಂದು ವರ್ಷ ತಪ್ಪಿದ್ರ ಹುಡುಗರ ಪರೀಕ್ಷಾ ತೂಗಾಡತೈತಿ. ಹಿಂಗ ವರ್ಷಗಟ್ಟಲೆ ಹೋಗಿ ಕಾಯಂ ಸಂಲಗ್ನ, ಆಮ್ಯಾಲ ಯುಜಿಸಿ ಕಾಯ್ದೆದ 2 ಎಫ್, 12 ಬಿ ಕಲಮಿನ ಮಾನ್ಯತೆ, ಅದಾದ ಮ್ಯಾಲ ಲೈಬ್ರರಿಗೆ ಕಟ್ಟಡಕ್ಕ ದಿಲ್ಲಿ ರೊಕ್ಕ ಬರೋ ಹಾದಿ. 1994ರಾಗ ಕಾಲೇಜಿನ ಗುಣಮಟ್ಟ ಅಳಿಯೋ ನ್ಯಾಕ್ ಸಂಸ್ಥೆ ಬಂದ ಮ್ಯಾಲ ಗ್ರೇಡು ಬ್ಯಾರೆ.

ನಮ್ಮ ಕಾಲೇಜಿನ ಎರಡನೇ ವರ್ಷಕ್ಕ ಸಮಿತಿ ಬರೂದು ಎಂಟು ದಿನ ಐತಿ ಅನ್ನೂವಾಗ ಪುಸ್ತಕ ಕಡಿಮಿ ಬಿದ್ವು. ಪ್ರಿನ್ಸಿಪಾಲ್ರು ಸಂತಿ ದಿನ ಡಂಗುರ ಹೊಡಿಸಿದ್ರು, ಮನ್ಯಾಗ ಪುಸ್ತಕ ಇದ್ದವರು ಕಾಲೇಜಿಗೆ ದಾನ ಕೊಡ್ರಿ ಅಂತ. ಎರವಲು ಅಲ್ಲ, ಕಾಯಂ ದಾನ ಅಂತ ಖಡಾಖಂಡಿತ ಹೇಳಿದ್ರು, ತೋರಸಾಕ ಅಂತ ತಂದಿಟ್ಟು ವಾಪಸ್ ಕೊಡೋ ಕೆಲಸ ನಮಗ ಬ್ಯಾಡ ಅಂತ. ಮೂರು ದಿನ ಚೀಲದಾಗ, ಬುಟ್ಟಿಯಾಗ ಪುಸ್ತಕ ಬಂದ್ವು. ನಿಘಂಟು, ಕಾನೂನು ಪುಸ್ತಕ, ಹಳೇ ಅರ್ಥಶಾಸ್ತ್ರ, ವಚನ, ಒಬ್ಬ ಡಾಕ್ಟರ್ ಅವರ ಮನಿಯಿಂದ ದೇಹರಚನೆ ಪುಸ್ತಕ ಸುದ್ದಾ. ನಾ ಮತ್ತ ಸಿಪಾಯಿ ರಾತ್ರಿ ಕಂದೀಲು ಹಚ್ಚಿಕೊಂಡು ಕುಂತು ಒಂದೊಂದಕ್ಕ ಠಸೆ ಹೊಡದು ರಜಿಸ್ಟರಿಗೆ ಏರಿಸಿದ್ವಿ. ಸಮಿತಿಯೊಳಗ ಒಬ್ಬ ಹಿರಿಯರು ಒಂದು ಪುಸ್ತಕ ತಗದು ಮೊದಲನೇ ಹಾಳಿ ನೋಡಿದ್ರು, "ಚಿ. ಮಗಳಿಗೆ ಮದುವಿ ಉಡುಗೊರೆ" ಅಂತ ಇತ್ತು. ಏನೂ ಅನ್ನಲಿಲ್ಲ, ಸಾವಕಾಶ ಮುಚ್ಚಿ ಜಾಗಕ್ಕ ಇಟ್ರು. ಆ ವರ್ಷ ಸಂಲಗ್ನ ಸಿಕ್ತು.

ಆ ಪುಸ್ತಕ ಇನ್ನೂ ಅಲ್ಲೇ ಅದಾವ. ಈಗಿನವರು ಹಳೇ ಪುಸ್ತಕ ರದ್ದಿಗೆ ಹಾಕೋ ಮಾತಾಡಿದ್ರು ಅಂತ ಕೇಳಿ ನಾ ಹೋಗಿ ಕೈ ಮುಗದು ಬಂದೀನಿ. ಗಾಳಿ ತಮ್ಮಾ, ನಿಮ್ಮ ಕಾಲೇಜಿನ ಲೈಬ್ರರಿ ಹಳೇ ಕಪಾಟನೂ ತಗದು ನೋಡು. ವಹಿಯೊಳಗ ಸಿಗದ ಹೆಸರು ಪುಸ್ತಕದ ಮೊದಲನೇ ಹಾಳಿಯೊಳಗ ಸಿಗತಾವ.

ಹತ್ತಿಕಾಳು:

ಪುಣ್ಯಾಶ್ರಮದ ಮಾತು ಯಾರೂ ತಗೀಲಿಲ್ಲ! ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮ ಮೊದಲ ಒಂದು ಕಡೆ ನಿಂತಿದ್ದ ಅಲ್ಲ. ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಹುಡುಗರನ್ನ ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದ್ರು, ಸಾಲಿನ ನಡದಾಡತಿತ್ತು. ಬಸವರಾಜ ರಾಜಗುರು ಅಂಥವರು ಅವರ ಕೈಯಾಗ ಕಲತದ್ದು. ಪುಟ್ಟರಾಜ ಗವಾಯಿಗಳು 2010ರಾಗ ಹೋಗೋತನಕ ಅದನ್ನ ನಡೆಸಿದ್ರು. ಅಲ್ಲಿ ಇವತ್ತಿಗೂ ಮಂದಿ ಅಕ್ಕಿ ಜೋಳ ತಂದು ಇಳಿಸಿ ಹೋಗ್ತಾರ.

ಸಪ್ತಾಪುರ ಬಾವಿ:

ಹೌದು, ಅದನ್ನ ಬಿಟ್ಟಿದ್ದು ನಮ್ಮ ತಪ್ಪು. ಮತ್ತ ಹಾವೇರಿಯವರೇ, ನಿಮ್ಮ ಕೆರಿಮತ್ತಿಹಳ್ಳಿ ಪಿಜಿ ಸೆಂಟರೂ ನೆನಪ ಇಡ್ರಿ. ನಮ್ಮ ವಿಶ್ವವಿದ್ಯಾಲಯದ ಸೆಂಟರ್ ಇದ್ದದ್ದು 2023ರಾಗ ಹಾವೇರಿ ವಿಶ್ವವಿದ್ಯಾಲಯ ಆತು. ಈಗ ಅದಕ್ಕ ಮಾಸ್ತರ್ರು ಸಾಲೂದಿಲ್ಲ, ರೊಕ್ಕ ಸಾಲೂದಿಲ್ಲ. ಬೋರ್ಡ್ ಬದಲಿ ಮಾಡಿ ಸುಮ್ನ ಕೂತ್ರ ಯಾವ ಸಂಸ್ಥೆನೂ ಬೆಳ್ಯೂದಿಲ್ಲ, ನಾ ಇದನ್ನ ಸಿಟ್ಟಿನಿಂದನ ಹೇಳ್ತೀನಿ, ಮೂವತ್ತ ವರ್ಷ ಅದ ಕೆಲಸ ಮಾಡೀನಿ.

ವರದಾ ಹೊಳಿ:

ಟೀಚರ್, ನಮ್ಮ ತಂಗಿ ಮಗಳು ಅಲ್ಲೇ ಓದಾಕತ್ತಾಳ. ನಿಮ್ಮ ಮಾತು ಆಕಿಗೆ ತೋರಸ್ತೀನಿ. ಗಾಳಿಯವರೇ, ಅವ್ವಾರು ಹೋಗಿ ಬಂದ್ರೇನು?

ಕಪ್ಪತಗುಡ್ಡದ ಗಾಳಿ:

ಹೋಗಿ ಬಂದ್ಲ್ರೀ ಅಕ್ಕಾರ, ನಿನ್ನೆ ಸಂಜಿ. ಮೂರು ಮನಿ ತಿರುಗಿದ್ಲು. ಎರಡು ಕಡೆ ಗೊತ್ತಾಗಲಿಲ್ಲ. ಮೂರನೇ ಮನ್ಯಾಗ ಒಬ್ಬಾಕಿ ಮುತ್ತಜ್ಜಿ, ಕಿವಿ ಸರಿಯಾಗಿ ಕೇಳಸೂದಿಲ್ಲ, ಕಡಗ ಅಂದ ಕೂಡ್ಲೇ ಸುಮ್ಮನಾದ್ಲಂತ. ಆಮ್ಯಾಲ ಹೇಳಿದ್ಲಂತ, ಆಗ ಹೈಸ್ಕೂಲಿನ ಕಸ ಹೊಡ್ಯಾಕ ಒಬ್ಬಾಕಿ ಬರತಿದ್ಲು, ಮುಂಜಾನೆ ಏಳಕ್ಕ ಕಾಲೇಜಿನ ಹುಡುಗ್ರು ಬರೂದ್ರಾಗ ಆ ಮೂರು ಕೋಲಿ ಉಡುಗಿ ನೀರು ಹೊಡದು ಇಡಾಕಿ, ಆಕಿಗೆ ಮಕ್ಕಳಿದ್ದಿಲ್ಲ, ಕೈಯಾಗ ಬೆಳ್ಳಿ ಕಡಗ ಇದ್ವು, ಒಂದಿನ ನೋಡಿದ್ರ ಖಾಲಿ ಕೈ. "ಕೇಳಿದ್ರ ನಕ್ಕಳು, ಹೇಳಲಿಲ್ಲ" ಅಂತ ಅಷ್ಟ ಅಂದ್ಲಂತ. ಆಕಿನ ಈಕಿ ಅಂತ ಗಟ್ಟಿಯಾಗಿ ನಾ ಬರಿಯೂದಿಲ್ಲ, ಇನ್ನೂ ಇಬ್ಬರನ್ನ ಕೇಳೋದೈತಿ.

ಅಪ್ಪಾರಿಗೆ ಈ ಸುದ್ದಿ ಹೇಳಿದೆ. ಅವರಿಗೆ ಆ ಹೆಣ್ಣುಮಗಳು ನೆನಪದಾಳ. ಚಳಿಗಾಲದಾಗ ಹುಡುಗ್ರು ನಡಕ್ಕೋತ ಬರತಾರಂತ ಕೋಲಿ ಹಿಂದ ಕಸ ಗುಡಿಸಿ ಬೆಂಕಿ ಹಚ್ಚಿ ಇಟ್ಟಿರತಿದ್ಲಂತ, ಹುಡುಗ್ರು ಹತ್ತು ನಿಮಿಷ ಕೈ ಕಾಸ್ಕೊಂಡು ಒಳಗ ಹೋಗತಿದ್ರಂತ. ನಲವತ್ತು ವರ್ಷದಾಗ ಅಪ್ಪಾರು ಇದನ್ನ ನನ್ನ ಮುಂದ ಒಮ್ಮೆನೂ ಹೇಳಿದ್ದಿಲ್ಲ.

ಬರೂ ಐತವಾರ ಮುಂಜಾನೆ ಹತ್ತಕ್ಕ ಹೈಸ್ಕೂಲಿನ ಹಿಂದಿನ ಕೋಲಿಯೊಳಗ ಮೊದಲನೇ ಬ್ಯಾಚಿನವರು ಎಂಟು ಮಂದಿ ಕೂಡಾಕತ್ತಾರ, ಹೆಡ್ ಮಾಸ್ತರ್ರು ಒಪ್ಪ್ಯಾರ, ಕೀಲಿ ಸಿಪಾಯಿ ಕಾಕಾ ತರತಾನ. ಸ್ಕ್ಯಾನ್ ಮಾಡಿದ ಹಾಳಿ ದೊಡ್ಡದಾಗಿ ಪ್ರಿಂಟ್ ತಗಸೀನಿ, ಒಂದೊಂದ ಹೆಸರು ಓದಿ ಕೇಳ್ಕೋತ ಹೋಗತೀನಿ. ಠಸೆ ಕಾಕಾ, ನಿಮಗ ಬರಾಕ ಆಗತೈತೇನ್ರಿ? ಹಳೇ ಕ್ಲಾರ್ಕ್ ಅಕ್ಷರ ಕೆಲವೊಂದು ನನಗ ಓದಾಕ ಬರವಲ್ದು.

ಠಸೆ ಪೆಟ್ಟಿಗಿ:

ಬರತೀನಿ. ಏಳೂವರಿ ಗಾಡಿಗೆ. ಭೂತಗನ್ನಡಿ ತರತೀನಿ.